ತ್ವೆಂ ಪಟ್ಟಣದ ಸಂರಕ್ಷಿತ ತಾಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಲ್ಜಿಯಂ ಅಂದರೆ ಬ್ರಸೆಲ್ಸ್, ಬ್ರೂಜ್, ಒಂದಿಷ್ಟು ಚಾಕೊಲೇಟ್ ಅಂತ ಮುಗಿಸುವವರೇ ಜಾಸ್ತಿ. ದಕ್ಷಿಣದ ಕಡೆ, ಫ್ರೆಂಚ್ ಮಾತಾಡುವ ವಲೋನಿಯಾದ ಸಣ್ಣ ಊರುಗಳಿಗೆ ಹೋಗುವವರು ಕಡಿಮೆ. ಅಂಥ ಊರುಗಳಲ್ಲಿ ತ್ವೆಂ ಒಂದು. ಇಲ್ಲಿ ಸರ್ಕಾರ ಕಾಪಾಡುತ್ತಿರುವುದು ಬರೀ ಗೋಪುರ, ಚರ್ಚು ಅಲ್ಲ. ಸೊಪ್ಪು ತರಕಾರಿ ಬೆಳೆಯುವ ಹಿತ್ತಲುಗಳೂ ಪಟ್ಟಿಯಲ್ಲಿವೆ. ಬ್ರಸೆಲ್ಸ್, ಲ್ಯೂವನ್ ಕಡೆ ಕೆಲಸಕ್ಕೋ ಓದಿಗೋ ಬಂದಿರುವ ಕನ್ನಡಿಗರಿಗೆ ಒಂದು ದಿನದ ಸುತ್ತಾಟಕ್ಕೆ ಹೇಳಿ ಮಾಡಿಸಿದ ಜಾಗ. ದೂರದಲ್ಲಿದ್ದು ಓದುವವರಿಗೂ ಇಲ್ಲಿ ತಿಳಿಯುವುದು ಬೇಕಾದಷ್ಟಿದೆ.

ತ್ವೆಂ ಇರುವುದು ಎಲ್ಲಿ?

ಎನೋ ಪ್ರಾಂತ್ಯದಲ್ಲಿ, ಶಾರ್ಲೆರ್ವಾ ನಗರದ ನೈಋತ್ಯಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿ. ಫ್ರಾನ್ಸ್ ಗಡಿಯೂ ಹತ್ತಿರವೇ. ನಿಲ್ದಾಣದ ಬೋರ್ಡಿನಲ್ಲಿ ಟಿ, ಎಚ್, ಯು, ಐ, ಎನ್ ಅಂತ ಬರೆದಿರುತ್ತದೆ. ಓದಲು ಹೋಗಿ ತಡವರಿಸಬೇಡಿ, ‘ತ್ವೆಂ’ ಅಂದರೆ ಸಾಕು.

ಊರು ನಿಂತಿರುವುದು ಒಂದು ಉದ್ದನೆಯ ಬಂಡೆ ದಿಣ್ಣೆಯ ಮೇಲೆ. ಒಂದು ಬದಿಗೆ ಸಾಂಬ್ರ್ ನದಿ, ಇನ್ನೊಂದು ಬದಿಗೆ ಬಿಯೆಮೆಲ್ ಅನ್ನುವ ಸಣ್ಣ ಹೊಳೆ. ಹಾಗಾಗಿ ಊರಿಗೆ ಎರಡು ಭಾಗ: ದಿಣ್ಣೆಯ ಮೇಲಿನ ಮೇಲೂರು, ನದಿ ದಡದ ಕೆಳಯೂರು. ಜನಸಂಖ್ಯೆ ಹದಿನೈದು ಸಾವಿರದ ಆಸುಪಾಸು. ಅದರಲ್ಲೂ ಸುತ್ತಲಿನ ಹಳ್ಳಿಗಳ ಲೆಕ್ಕ ಸೇರಿದೆ, ಯಾಕೆಂದರೆ 1977ರಲ್ಲಿ ಬೆಲ್ಜಿಯಂ ತನ್ನ ಪುರಸಭೆಗಳನ್ನೆಲ್ಲ ಒಗ್ಗೂಡಿಸಿದಾಗ ಗೋಜೆ, ರಾನ್ಯಿ, ಬಿಯೆರ್ಸೆ ಮುಂತಾದ ಹಳ್ಳಿಗಳು ತ್ವೆಂ ಜೊತೆ ಸೇರಿದವು. ಕೆಳಗೆ ಹೇಳುವ ಕೆಲವು ತಾಣಗಳು ಈ ಹಳ್ಳಿಗಳಲ್ಲಿವೆ.

ಇಷ್ಟು ಚಿಕ್ಕ ಊರಿಗೆ ಕೋಟೆ, ಗೋಪುರ ಎಲ್ಲ ಯಾಕೆ ಬೇಕಿತ್ತು?

ಗಡಿ ಊರು ಅನ್ನುವ ಕಾರಣಕ್ಕೆ. 888ರಲ್ಲಿ ರಾಜ ಆರ್ನುಲ್ಫ್ ಪಕ್ಕದ ಲೋಬ್ ಮಠವನ್ನು ಪೂರ್ವದ ಲಿಯೆಜ್ ನಗರದ ಬಿಷಪ್‌ಗೆ ಕೊಟ್ಟ. ಅದರ ಜೊತೆ ಈ ಸೀಮೆಯೂ ಲಿಯೆಜ್ ಕೈಗೆ ಬಂತು. ಲಿಯೆಜ್‌ನ ಬಿಷಪ್ ಬರೀ ಧರ್ಮಗುರು ಅಲ್ಲ, ರಾಜ್ಯ ಆಳುವ ದೊರೆಯೂ ಹೌದು. ಆ ರಾಜ್ಯ 18ನೇ ಶತಮಾನದ ಕೊನೆಯವರೆಗೂ ಪ್ರತ್ಯೇಕವಾಗಿಯೇ ಇತ್ತು. ಅದರ 23 ‘ಒಳ್ಳೆಯ ಊರು’ಗಳಲ್ಲಿ ತ್ವೆಂ ಒಂದು. ಒಳ್ಳೆಯ ಊರು ಅಂದರೆ ತನ್ನದೇ ಹಕ್ಕು, ತನ್ನದೇ ಗೋಡೆ ಇರುವ ಪಟ್ಟಣ.

ಎನೋ ಆಗ ಪಕ್ಕದ ಬೇರೆ ಸಂಸ್ಥಾನ, ಬೇರೆ ದೊರೆಗಳದ್ದು; ತ್ವೆಂ ಅದರೊಳಗೆ ಇರಲಿಲ್ಲ. ಅದರಾಚೆ ಫ್ರಾನ್ಸ್. ಇವರು ಹೊಡೆದಾಡಿದಾಗಲೆಲ್ಲ ದಾರಿಯಲ್ಲಿ ಸಿಗುವುದು ತ್ವೆಂ. 1815ರ ಜೂನ್ 15ರಂದು ನೆಪೋಲಿಯನ್ ಸೇನೆ ವಾಟರ್ಲೂ ಕಡೆ ಹೊರಟಾಗಲೂ ಬೆಳಗಿನ ಜಾವದ ಮೊದಮೊದಲ ಗುಂಡಿನ ಸದ್ದು ಕೇಳಿಸಿದ್ದು ಇಲ್ಲೇ, ಪ್ರಷ್ಯಾದ ಕಾವಲು ಪಡೆಗಳ ಮೇಲೆ.

‘ಸಂರಕ್ಷಿತ’ ಅಂದರೆ ಕಾನೂನಿನಲ್ಲಿ ಏನು ಅರ್ಥ? ಯಾರು ತೀರ್ಮಾನಿಸುತ್ತಾರೆ?

ಬೆಲ್ಜಿಯಂನಲ್ಲಿ ಪರಂಪರೆ ಕೇಂದ್ರ ಸರ್ಕಾರದ ವಿಷಯವೇ ಅಲ್ಲ. 1980ರ ದಶಕದ ಕೊನೆಯಿಂದ ಅದು ಪ್ರದೇಶಗಳ ಕೈಯಲ್ಲಿದೆ: ಫ್ಲಾಂಡರ್ಸ್‌ಗೆ ಒಂದು ಕಾನೂನು, ಬ್ರಸೆಲ್ಸ್‌ಗೆ ಒಂದು, ವಲೋನಿಯಾಗೆ ಇನ್ನೊಂದು. ಇದೂ ಸಾಲದು ಅಂತ, ವಲೋನಿಯಾದೊಳಗೇ ಇರುವ ಜರ್ಮನ್ ಭಾಷಿಕ ಊರುಗಳ ಸ್ಮಾರಕಗಳನ್ನು 1994ರಿಂದ ಅವರ ಸಮುದಾಯವೇ ನೋಡಿಕೊಳ್ಳುತ್ತದೆ. ಬೆಲ್ಜಿಯಂ ಆಡಳಿತವೇ ಹಾಗೆ, ಒಂದು ಸಲ ಕೇಳಿದರೆ ತಲೆಗೆ ಹತ್ತುವುದಿಲ್ಲ.

ಬುಡ ಮಾತ್ರ ಹಳೆಯದು. ದೇಶ ಹುಟ್ಟಿ ಐದೇ ವರ್ಷಕ್ಕೆ, 1835ರಲ್ಲಿ, ಸ್ಮಾರಕಗಳಿಗಾಗಿ ರಾಜ ಆಯೋಗ ಬಂತು. 1931ರ ಆಗಸ್ಟ್ 7ರ ಕಾನೂನು ಸ್ಮಾರಕ ಮತ್ತು ತಾಣಗಳಿಗೆ ನಿಜವಾದ ರಕ್ಷಣೆ ಕೊಟ್ಟಿತು. ಈಗ ವಲೋನಿಯಾದಲ್ಲಿ ಈ ಕೆಲಸ ‘ವಲೂನ್ ಪರಂಪರೆ ಏಜೆನ್ಸಿ’ಯದ್ದು. 2018ರಲ್ಲಿ ಶುರುವಾದ ಇದನ್ನು ಅಲ್ಲಿನವರು ಚಿಕ್ಕದಾಗಿ ‘ಆವಾಪ್’ ಅನ್ನುತ್ತಾರೆ. 2024ರ ಜೂನ್ 1ರಿಂದ ಹೊಸ ಪರಂಪರೆ ಸಂಹಿತೆ ಜಾರಿಯಲ್ಲಿದೆ.

ಪಟ್ಟಿಗೆ ಸೇರಿಸುವ ಕೊನೆಯ ನಿರ್ಧಾರ ವಲೂನ್ ಸರ್ಕಾರದ್ದು. ಅದಕ್ಕೆ ಮುಂಚೆ ಪುರಸಭೆ, ಮಾಲೀಕರು, ಆಯೋಗ ಎಲ್ಲರ ಅಭಿಪ್ರಾಯ ಕೇಳುತ್ತಾರೆ. ಸೇರಿಸುವಾಗ ಅದು ಒಂಟಿ ಸ್ಮಾರಕವೋ, ಕಟ್ಟಡಗಳ ಗುಂಪೋ, ಭೂದೃಶ್ಯದಂಥ ತಾಣವೋ, ಪುರಾತತ್ವ ನೆಲೆಯೋ ಅಂತ ಬೇರೆ ಬೇರೆ ವರ್ಗ ಇದೆ. ಈ ಪಟ್ಟಿಯೊಳಗೇ ಇನ್ನೊಂದು ಸಣ್ಣ ಪಟ್ಟಿ ಇದೆ, ಅದರ ಹೆಸರು ‘ಅಸಾಧಾರಣ ಪರಂಪರೆ’. ತ್ವೆಂನ ಗಂಟೆ ಗೋಪುರ ಮತ್ತು ಗೋಜೆ ಹಳ್ಳಿಯ ಓಲ್ನ್ ಮಠದ ಅವಶೇಷಗಳು ಅದರಲ್ಲಿವೆ.

ಬೀದಿಯಲ್ಲಿ ನಡೆಯುವಾಗ ಯಾವುದು ಸಂರಕ್ಷಿತ ಅಂತ ಗೊತ್ತಾಗುವುದು ಹೇಗೆ?

ಬಾಗಿಲ ಪಕ್ಕ ನೀಲಿ–ಬಿಳಿ ಬಣ್ಣದ ಸಣ್ಣ ಗುರಾಣಿ ಗುರುತು ನೋಡಿ. ಯುದ್ಧದ ಸಮಯದಲ್ಲಿ ಸಾಂಸ್ಕೃತಿಕ ಆಸ್ತಿಗೆ ಕೈ ಹಚ್ಚಬಾರದು ಅನ್ನುವ 1954ರ ಹೇಗ್ ಒಪ್ಪಂದದ ಗುರುತು ಅದು. ಎಲ್ಲ ಕಟ್ಟಡಕ್ಕೂ ಹಾಕಿರುವುದಿಲ್ಲ, ಹಾಗಾಗಿ ಗುರುತು ಕಾಣದಿದ್ದರೆ ಸಂರಕ್ಷಿತ ಅಲ್ಲ ಅಂದುಕೊಳ್ಳಬೇಡಿ.

ಊರ ನಡುವಿನ ಗಂಟೆ ಗೋಪುರ ಚರ್ಚಿನದೋ, ಊರಿನದೋ?

ಎರಡೂ ಹೌದು. ತ್ವೆಂ ಗೋಪುರದ ಸ್ವಾರಸ್ಯವೇ ಅದು.

ಈ ಸೀಮೆಯ ಊರುಗಳಲ್ಲಿ ಗಂಟೆ ಗೋಪುರಕ್ಕೆ ಬೇರೆಯದೇ ತೂಕ ಇತ್ತು. ದೊರೆಯ ಕೋಟೆ ಒಂದು ಕಡೆ, ಚರ್ಚಿನ ಗೋಪುರ ಇನ್ನೊಂದು ಕಡೆ, ಮೂರನೆಯದು ಊರವರದ್ದು. ಸಂತೆ ಶುರುವಾಗುವುದು, ಬೆಂಕಿ ಬಿದ್ದದ್ದು, ಶತ್ರು ಬಂದದ್ದು ಎಲ್ಲ ಈ ಗಂಟೆಯಿಂದಲೇ ತಿಳಿಯಬೇಕು. ಊರಿನ ಹಕ್ಕು ಪತ್ರಗಳನ್ನು ಬೀಗ ಹಾಕಿ ಇಡುತ್ತಿದ್ದದ್ದೂ ಇಂಥ ಗೋಪುರಗಳಲ್ಲೇ.

ತ್ವೆಂನಲ್ಲಿ ಎರಡು ಗೋಪುರ ಕಟ್ಟುವ ಉಸಾಬರಿಗೆ ಹೋಗಲಿಲ್ಲ. ಸಂತ ತೆಯೊದಾರ್ ಹೆಸರಿನ ದೊಡ್ಡ ಚರ್ಚಿನ ಗೋಪುರವೇ ಊರಿನ ಗೋಪುರವೂ ಆಗಿತ್ತು. ಈಗ ಕಾಣುವುದು 17ನೇ ಶತಮಾನದ ಮೊದಲ ಅರ್ಧದ್ದು, ಸುಮಾರು 60 ಮೀಟರ್ ಎತ್ತರ. ಚೌಕಾಕಾರದ ಕಲ್ಲಿನ ಮೈ, ಮೇಲೆ ಈರುಳ್ಳಿ ಗಡ್ಡೆಯಂಥ ಶಿಖರ, ನಾಲ್ಕು ಮೂಲೆಗೂ ಪುಟ್ಟ ಗೋಪುರಗಳು. ಫ್ರೆಂಚ್ ಕ್ರಾಂತಿಯ ನಂತರ ಚರ್ಚಿಗೆ ಕೇಳುವವರು ಇಲ್ಲವಾದರು. 1811ರಲ್ಲಿ ಕೆಡವಿಬಿಟ್ಟರು. ಗೋಪುರ ಮಾತ್ರ ಊರಿಗೆ ಬೇಕಿತ್ತು, ಉಳಿಸಿಕೊಂಡರು. ಈಗ ಅಲ್ಲಿ ಹೋಗಿ ನಿಂತರೆ ದೇಹವಿಲ್ಲದ ತಲೆಯ ಹಾಗೆ ಒಂಟಿಯಾಗಿ ಕಾಣುತ್ತದೆ. ಸುತ್ತಲಿನ ಚೌಕಕ್ಕೆ ಮಾತ್ರ ಹಳೆಯ ಚರ್ಚಿನ ಪಾದ್ರಿ ಮಂಡಳಿಯ ಹೆಸರೇ ಇದೆ.

ಒಳಗೆ ಹತ್ತಿ ಹೋಗಬಹುದು. ಮೆಟ್ಟಿಲು ಕಿರಿದು, ಬೆನ್ನಿನ ಚೀಲ ಕೆಳಗೆ ಬಿಟ್ಟರೆ ಒಳ್ಳೆಯದು. ಮೇಲಿನಿಂದ ಎರಡೂ ಕಣಿವೆ ಒಟ್ಟಿಗೆ ಕಾಣುತ್ತವೆ. ಊರನ್ನು ಇಲ್ಲೇ ಯಾಕೆ ಕಟ್ಟಿದರು ಅನ್ನುವುದು ಅಲ್ಲಿ ನಿಂತರೆ ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಯುನೆಸ್ಕೋ ಪಟ್ಟಿಯಲ್ಲಿ ಇದೆ ಅಂತಾರಲ್ಲ, ಹಾಗಾದರೆ ದುಡ್ಡು ಯುನೆಸ್ಕೋ ಕೊಡುತ್ತದಾ?

ಇಲ್ಲ. ಇದು ಎಲ್ಲರಿಗೂ ಇರುವ ತಪ್ಪು ಕಲ್ಪನೆ. ಪಟ್ಟಿಗೆ ಸೇರಿದರೆ ಬರುವುದು ಹೆಸರು ಮತ್ತು ಹೊಣೆ. ರಿಪೇರಿ ಖರ್ಚು ವಲೂನ್ ಸರ್ಕಾರ, ಪುರಸಭೆ ಇವರ ತಲೆಯ ಮೇಲೇ.

ತ್ವೆಂ ಗೋಪುರ ಒಂದೇ ಒಂಟಿಯಾಗಿ ಪಟ್ಟಿಗೆ ಸೇರಿದ್ದಲ್ಲ. 1999ರಲ್ಲಿ ಬೆಲ್ಜಿಯಂನ 32 ಗಂಟೆ ಗೋಪುರಗಳನ್ನು ಒಟ್ಟಾಗಿ ಸೇರಿಸಿದರು. 2005ರಲ್ಲಿ ಉತ್ತರ ಫ್ರಾನ್ಸ್‌ನ 23 ಮತ್ತು ವಲೋನಿಯಾದ ಜಾಂಬ್ಲೂ ಊರಿನ ಒಂದು ಸೇರಿ ಒಟ್ಟು 56 ಆದವು. ವಲೋನಿಯಾದ ಪಾಲಿಗೆ ಏಳು: ತುರ್ನೆ, ಮೊನ್ಸ್, ಬ್ಯಾಂಶ್, ನಾಮ್ಯುರ್, ಶಾರ್ಲೆರ್ವಾ, ಜಾಂಬ್ಲೂ, ತ್ವೆಂ. ಶಾರ್ಲೆರ್ವಾದ್ದು 1930ರ ದಶಕದ ಕಟ್ಟಡ ಅಂದರೆ ನಂಬುವುದಿಲ್ಲ ಕೆಲವರು.

‘ತೂಗುತೋಟ’ ಅಂದರೆ ಬ್ಯಾಬಿಲೋನಿನ ಥರ ಏನಾದರೂ ಇದೆಯಾ?

ಅಷ್ಟು ದೊಡ್ಡದಾಗಿ ಊಹಿಸಿಕೊಂಡು ಹೋದರೆ ನಿರಾಸೆ ಆದೀತು. ಇವು ಹಿತ್ತಲುಗಳು. ಆದರೆ ನನ್ನನ್ನು ಕೇಳಿದರೆ ತ್ವೆಂಗೆ ಹೋಗಬೇಕಾದ್ದೇ ಇವುಗಳಿಗಾಗಿ. ಗೋಪುರ ಬೇಕಾದಷ್ಟು ಊರಲ್ಲಿದೆ, ಇದು ಬೇರೆ ಕಡೆ ಸಿಗುವುದಿಲ್ಲ.

ಮೇಲೂರಿನ ಕೋಟೆಗೋಡೆ ಬಂಡೆಯ ಅಂಚಿನಲ್ಲಿ ಓಡುತ್ತದೆ. ಅದರ ಕೆಳಗೆ ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು, ತಳದಲ್ಲಿ ಬಿಯೆಮೆಲ್ ಹೊಳೆ. ಈ ಇಳಿಜಾರನ್ನು ಜನ ತಲೆಮಾರುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಕಲ್ಲಿನ ಗೋಡೆ ಕಟ್ಟಿ, ಮಣ್ಣು ತುಂಬಿ ತೋಟ ಮಾಡಿದರು. ಗೋಡೆಯೊಳಗಿನ ಇಕ್ಕಟ್ಟಾದ ಊರಲ್ಲಿ ತರಕಾರಿ ಬೆಳೆಯಲು ಬೇರೆ ಜಾಗ ಎಲ್ಲಿತ್ತು? ಚಿಕ್ಕವು, ದೊಡ್ಡವು ಎಲ್ಲ ಸೇರಿ ಸುಮಾರು 200 ತೋಟ.

ಇಲ್ಲಿ ಚಳಿ ಕಡಿಮೆ. ದಿನವಿಡೀ ಬಿಸಿಲು ಕುಡಿದ ಕಲ್ಲು ರಾತ್ರಿ ಆ ಶಾಖವನ್ನು ನಿಧಾನಕ್ಕೆ ಬಿಡುತ್ತದೆ, ಉತ್ತರದ ಗಾಳಿಗೆ ಬಂಡೆಯೇ ಅಡ್ಡ. ಹಾಗಾಗಿ ಈ ದೇಶದ ಹವೆಗೆ ಒಗ್ಗದ ಅಂಜೂರ, ದ್ರಾಕ್ಷಿ ಕೂಡ ಇಲ್ಲಿ ಬರುತ್ತವೆ. ಕೆಲವು ಮೆಟ್ಟಿಲುಗಳಲ್ಲಿ ಈಗ ದ್ರಾಕ್ಷಿ ತೋಟವೇ ಇದೆ. ಅದರ ಹೆಸರು ಕ್ಲೋ ದೆ ಜುವಾವ್.

ತೊಂದರೆ ಶುರುವಾದದ್ದು 20ನೇ ಶತಮಾನದಲ್ಲಿ. ಅಂಗಡಿಯಲ್ಲಿ ಆಲೂಗೆಡ್ಡೆ ಸುಲಭವಾಗಿ ಸಿಗುವಾಗ ಕಡಿದಾದ ಇಳಿಜಾರಲ್ಲಿ ಗೊಬ್ಬರ ಹೊತ್ತು ಯಾರು ಏರುತ್ತಾರೆ? ಒಬ್ಬೊಬ್ಬರೇ ಬಿಟ್ಟರು. ಬಿಟ್ಟ ತೋಟದಲ್ಲಿ ಮುಳ್ಳು, ಐವಿ ಬಳ್ಳಿ ಬೆಳೆದವು. ಬೇರು ಕಲ್ಲಿನ ಸಂದಿಗೆ ಇಳಿಯಿತು, ಗೋಡೆ ಉಬ್ಬಿತು, ಕುಸಿಯಿತು. ಒಂದು ಗೋಡೆ ಕುಸಿದರೆ ಅದರ ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ಅಪಾಯ. ಸಂರಕ್ಷಿತ ತಾಣ ಅಂತ ಕಾಗದದಲ್ಲಿ ಬರೆದರೆ ಗೋಡೆ ನಿಲ್ಲುವುದಿಲ್ಲ, ಅಲ್ವಾ? ಗುದ್ದಲಿ ಹಿಡಿದು ಯಾರಾದರೂ ಇಳಿಯಬೇಕು. ಹಾಗಾಗಿ ಇಲ್ಲಿ ಸಂರಕ್ಷಣೆ ಅಂದರೆ ಬೇಲಿ ಹಾಕಿ ಮುಟ್ಟಬೇಡಿ ಅನ್ನುವುದಲ್ಲ. ಮತ್ತೆ ಬೆಳೆ ಬೆಳೆಯುವ ಹಾಗೆ ಮಾಡುವುದು. ಬಿಟ್ಟುಹೋಗಿದ್ದ ಜಾಗಗಳಲ್ಲಿ ಮುಳ್ಳು ಕಡಿದು, ಗೋಡೆ ಎತ್ತಿ, ದ್ರಾಕ್ಷಿ ನೆಟ್ಟದ್ದು ಅದಕ್ಕೇ.

ಕುಸಿದ ಗೋಡೆಗೆ ಸಿಮೆಂಟ್ ಹಾಕಿ ಮುಗಿಸಬಾರದಾ?

ಹಾಕಿದರೆ ಇನ್ನೂ ಬೇಗ ಬೀಳುತ್ತದೆ. ಹಿಂದೆ ಮಣ್ಣಿದೆ, ಮಳೆ ಬಂದರೆ ನೀರು ತುಂಬುತ್ತದೆ. ಸಿಮೆಂಟ್ ಗೋಡೆಯಲ್ಲಿ ಆ ನೀರಿಗೆ ದಾರಿ ಇಲ್ಲ. ಒತ್ತಡ ಏರಿ ಏರಿ ಗೋಡೆಯನ್ನೇ ಮುಂದಕ್ಕೆ ನೂಕುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಥೆ ಮುಗಿಯಿತು.

ಒಣ ಕಲ್ಲಿನ ಗೋಡೆಯಲ್ಲಿ ಗಾರೆ ಇರುವುದಿಲ್ಲ. ಹತ್ತಿರ ಹೋಗಿ ನೋಡಿ. ತಳದಲ್ಲಿ ದೊಡ್ಡ ಕಲ್ಲು, ಮೇಲೆ ಹೋದ ಹಾಗೆ ಚಿಕ್ಕದು. ಎರಡು ಕಲ್ಲು ಕೂಡುವ ಸಂದಿಯ ಮೇಲೆ ಮೂರನೆಯ ಕಲ್ಲು ಕೂತಿರುತ್ತದೆ, ಉದ್ದಕ್ಕೆ ಒಂದೇ ಬಿರುಕು ಇಳಿಯಬಾರದು ಅಂತ. ಅಲ್ಲಲ್ಲಿ ಒಂದು ಉದ್ದನೆಯ ಕಲ್ಲು ಒಳಗಿನ ಮಣ್ಣಿನವರೆಗೂ ಹೋಗಿ ಗೋಡೆಯನ್ನು ಕಟ್ಟಿ ಹಿಡಿದಿರುತ್ತದೆ. ಬೆನ್ನಿಗೆ ಜಲ್ಲಿಯಂಥ ಚೂರುಕಲ್ಲು. ಇಡೀ ಗೋಡೆ ಸ್ವಲ್ಪ ಹಿಂದಕ್ಕೆ, ಗುಡ್ಡದ ಕಡೆ ವಾಲಿರುತ್ತದೆ. ನೀರು ಸಂದಿಯಿಂದ ಜಿನುಗಿ ಹೊರಗೆ ಹೋಗುತ್ತದೆ. ಸಂದಿಯಲ್ಲಿ ಹಲ್ಲಿ, ಜೇನುನೊಣ, ಜರೀಗಿಡ ಸಂಸಾರ ಹೂಡಿರುತ್ತವೆ.

ಈ ಕೆಲಸ ಬಲ್ಲವರು ಕಡಿಮೆ ಆಗುತ್ತಿದ್ದಾರೆ. ಒಣ ಕಲ್ಲಿನ ಕಟ್ಟೋಣದ ಕಲೆಯನ್ನು ಯುನೆಸ್ಕೋ 2018ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ ಬೆಲ್ಜಿಯಂ ಕೂಡ ಆ ದೇಶಗಳ ಸಾಲಿಗೆ ಸೇರಿದೆ.

ಖಾಸಗಿ ತೋಟಗಳು ಅಂದಮೇಲೆ ನೋಡುವುದು ಹೇಗೆ?

ದಾರಿಗಳು ಎಲ್ಲರವು, ತೋಟಗಳು ಅವರವರವು. ಮೇಲೂರಿನ ಬೀದಿಗಳಿಂದ ಕೋಟೆಗೋಡೆ ದಾಟಿ ಕೆಳಗೆ ಇಳಿಯುವ ಇಕ್ಕಟ್ಟಾದ ಓಣಿಗಳಿವೆ. ಅಲ್ಲಿನವರು ‘ಪೋಸ್ತಿ’ ಅನ್ನುತ್ತಾರೆ. ಕೆಲವು ಕಡೆ ಎದುರಿಂದ ಒಬ್ಬರು ಬಂದರೆ ಮೈ ಓರೆ ಮಾಡಿ ನಿಲ್ಲಬೇಕು. ಪೋಸ್ತಿ ಆರ್ಲೆಕೆಂ ಅನ್ನುವುದು ಎಲ್ಲರಿಗೂ ಗೊತ್ತಿರುವ ಓಣಿ. ಓಣಿಯಿಂದಲೇ ತೋಟ ಚೆನ್ನಾಗಿ ಕಾಣುತ್ತದೆ. ಗೇಟು ತೆಗೆದು ಒಳಗೆ ಹೋಗುವುದು, ಅಂಜೂರ ಕೀಳುವುದು ಬೇಡ. ಗೋಡೆಯ ಮೇಲೆ ಹತ್ತಿ ಸೆಲ್ಫಿ ಅಂತೂ ಬೇಡವೇ ಬೇಡ.

ನೋಟ್ಗರ್ ಗೋಪುರ ಯಾವುದು?

ನೋಟ್ಗರ್ 972ರಿಂದ 1008ರವರೆಗೆ ಲಿಯೆಜ್‌ನ ಬಿಷಪ್. ತ್ವೆಂಗೆ ಮೊದಲು ಕೋಟೆ ಕಟ್ಟಿಸಿದವನು ಅವನೇ. ಅವನ ಹೆಸರಲ್ಲಿ ಉಳಿದಿರುವ ಗೋಪುರ ಈಗ ಮೊಂಡಾಗಿದೆ, ದೂರದಿಂದ ನೋಡಿದರೆ ಅಷ್ಟೇನೂ ಅನ್ನಿಸುವುದಿಲ್ಲ. ಕೋಟೆಗೋಡೆ ಸುತ್ತುವಾಗ ದಾರಿಯಲ್ಲೇ ಸಿಗುತ್ತದೆ.

ಜೂಲಿಯಸ್ ಸೀಸರ್ ಇಲ್ಲಿಗೆ ಬಂದಿದ್ದ ಅಂತಾರೆ. ನಿಜವಾ?

ಬಂದಿದ್ದ ಅನ್ನಲು ಒಳ್ಳೆಯ ಆಧಾರ ಇದೆ.

ಕ್ರಿ.ಪೂ. 57ರಲ್ಲಿ ಸೀಸರ್ ಅತುವಾತುಕಿ ಅನ್ನುವ ಬುಡಕಟ್ಟಿನ ಕೋಟೆಗೆ ಮುತ್ತಿಗೆ ಹಾಕಿದ್ದನ್ನು ತಾನೇ ಬರೆದಿದ್ದಾನೆ. ರೋಮನ್ನರು ದೂರದಲ್ಲಿ ಮುತ್ತಿಗೆಯ ಮರದ ಗೋಪುರ ಕಟ್ಟುವುದನ್ನು ನೋಡಿ ಕೋಟೆಯ ಮೇಲಿನವರು ಗೇಲಿ ಮಾಡಿದರಂತೆ: ಇಷ್ಟು ಕುಳ್ಳರು ಅಷ್ಟು ಭಾರವನ್ನು ಇಲ್ಲಿಗೆ ತರುತ್ತಾರಾ ಅಂತ. ಗೋಪುರ ಚಲಿಸಲು ಶುರು ಮಾಡಿದಾಗ ನಗು ನಿಂತಿತು. ಶರಣಾದರು, ಆಯುಧ ಹೊರಗೆ ಎಸೆದರು. ಆದರೆ ಮೂರರಲ್ಲಿ ಒಂದು ಪಾಲು ಬಚ್ಚಿಟ್ಟುಕೊಂಡು ಅದೇ ರಾತ್ರಿ ಮೇಲೆ ಬಿದ್ದರು. ಸುಮಾರು 4,000 ಜನ ಸತ್ತರು. ಮರುದಿನ ಉಳಿದವರನ್ನೆಲ್ಲ ಗುಲಾಮರಾಗಿ ಮಾರಿದ ಸೀಸರ್. ಕೊಂಡವರು ಕೊಟ್ಟ ಲೆಕ್ಕ 53,000 ಅಂತ ಬರೆದಿದ್ದಾನೆ. ಸೀಸರ್ ಲೆಕ್ಕ ಯಾವಾಗಲೂ ಸ್ವಲ್ಪ ದೊಡ್ಡದೇ, ಅದು ಬೇರೆ ಮಾತು.

ಆ ಕೋಟೆ ಎಲ್ಲಿತ್ತು ಅಂತ ಮಾತ್ರ ಅವನು ಸರಿಯಾಗಿ ಹೇಳಲಿಲ್ಲ. ಸುತ್ತ ಬಂಡೆ, ಒಂದೇ ಕಡೆ ಇಳಿಜಾರಿನ ದಾರಿ, ಅಷ್ಟೇ ವಿವರ. ನಾಮ್ಯುರ್, ‘ವಿ’ ಅನ್ನುವ ಊರು, ಹೀಗೆ ಹಲವು ಊರುಗಳು ‘ನಮ್ಮಲ್ಲೇ’ ಅಂತ ವಾದಿಸಿದವು. ತ್ವೆಂ ಪಕ್ಕದ ಬ್ವಾ ದ್ಯು ಗ್ರಾಂ ಬಾಂ ದಿಯೆ ಅನ್ನುವ ಕಾಡಿನ ಗುಡ್ಡದಲ್ಲಿ ಗಾಲ್ ಕಾಲದ, ಅಂದರೆ ರೋಮನ್ನರು ಬರುವ ಮುಂಚಿನ ಕೋಟೆಯ ಮಣ್ಣುಗೋಡೆ ಇದೆ. ಅಲ್ಲಿ ಆ ಕಾಲದ ಚಿನ್ನದ ನಾಣ್ಯಗಳ ನಿಧಿಗಳು ಸಿಕ್ಕವು. ಜೊತೆಗೆ ಒಂದೇ ಕಡೆ ಗುಂಪಾಗಿ ಸೀಸದ ಕವಣೆ ಗುಂಡುಗಳು. ಬಾದಾಮಿ ಆಕಾರದ, ಬೆರಳ ತುದಿಯಷ್ಟು ದಪ್ಪದ ಈ ಗುಂಡು ರೋಮನ್ ಕವಣೆಗಾರರದ್ದು. ಚಿನ್ನ ಹೂತವರು ತಿರುಗಿ ಬಂದು ತೆಗೆದುಕೊಂಡಿಲ್ಲ, ಗುಂಡು ಬಿದ್ದದ್ದು ಕೋಟೆಯ ಕಡೆಗೆ. ಇವೆರಡನ್ನೂ ಸೇರಿಸಿ, ನಿಕೊ ರೊಯ್ಮನ್ಸ್ ಮುಂತಾದ ಪುರಾತತ್ವಜ್ಞರು ಅತುವಾತುಕಿಯ ಕೋಟೆ ಇದೇ ಇರಬೇಕು ಅನ್ನುತ್ತಾರೆ. ಊರ ಹೆಸರು ಬರೆದ ಶಾಸನ ಏನೂ ಸಿಕ್ಕಿಲ್ಲ. ಹಾಗಾಗಿ ‘ಖಚಿತ’ ಅನ್ನುವುದಕ್ಕಿಂತ ‘ಈಗಿರುವ ಊಹೆಗಳಲ್ಲಿ ಗಟ್ಟಿಯಾದದ್ದು’ ಅನ್ನುವುದು ಸರಿ.

ಕಾಡಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡಬಹುದಾ?

ಇಲ್ಲ. ವಲೋನಿಯಾದಲ್ಲಿ ಹಳೆಯ ವಸ್ತು ಹುಡುಕಲು ಡಿಟೆಕ್ಟರ್ ಬಳಸಬೇಕಾದರೆ ಅನುಮತಿ ಬೇಕೇ ಬೇಕು. ಇಂಥ ಜಾಗದಲ್ಲಿ ನಾಣ್ಯಕ್ಕಿಂತ ಅದು ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಅನ್ನುವುದು ಮುಖ್ಯ. ಅಗೆದು ತೆಗೆದ ಮೇಲೆ ಆ ಮಾಹಿತಿ ಹೋಯಿತು.

ಓಲ್ನ್ ಮಠ ತ್ವೆಂ ಊರೊಳಗೇ ಇದೆಯಾ?

ಪುರಸಭೆಯ ಲೆಕ್ಕದಲ್ಲಿ ಹೌದು. ಇರುವುದು ಗೋಜೆ ಹಳ್ಳಿಯ ಕೆಳಗೆ, ಸಾಂಬ್ರ್ ನದಿ ತಿರುಗುವ ಮೂಲೆಯಲ್ಲಿ. ಊರಿನಿಂದ ನದಿ ದಡದ ದಾರಿಯಲ್ಲಿ ಸೈಕಲ್ ಮೇಲೆ ಹೋದರೆ ಚೆಂದ. ದಾರಿ ಸಮತಟ್ಟು, ಕಾರುಗಳ ಕಾಟ ಇಲ್ಲ.

ಮಠ 7ನೇ ಶತಮಾನದ್ದು. ಸಂತ ಲಾಂದೆಲಿನ್ ಸ್ಥಾಪಿಸಿದ. ಮೊದಲು ಕೊಳ್ಳೆ ಹೊಡೆಯುತ್ತಿದ್ದು ಆಮೇಲೆ ಸನ್ಯಾಸಿಯಾದವನು ಅಂತ ಅವನ ಕಥೆ. ವಾಲ್ಮೀಕಿಯ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ ಬಿಡಿ. 1147ರಲ್ಲಿ ಮಠ ಸಿಸ್ಟರ್ಷಿಯನ್ ಅನ್ನುವ ಕ್ರೈಸ್ತ ಸನ್ಯಾಸಿ ಪಂಥದ ಕೈಗೆ ಬಂತು. ಹೊಲ, ಕಾಡು, ಗಿರಣಿ ಸೇರುತ್ತಾ ಸೇರುತ್ತಾ ‘ಶ್ರೀಮಂತ ಓಲ್ನ್’ ಅನ್ನುವ ಅಡ್ಡಹೆಸರೇ ಬಿತ್ತು. 18ನೇ ಶತಮಾನದಲ್ಲಿ ಮಠಾಧೀಶರು ಅರಮನೆಯಂಥ ಕಟ್ಟಡಗಳನ್ನು ಕಟ್ಟಿಸಿದರು, ಚರ್ಚಿಗೆ ಹೊಸ ಮುಖವನ್ನೂ ಕೊಟ್ಟರು.

1794ರ ಮೇ ತಿಂಗಳಲ್ಲಿ ಫ್ರೆಂಚ್ ಕ್ರಾಂತಿ ಸೇನೆ ಬೆಂಕಿ ಇಟ್ಟಿತು. ಗ್ರಂಥಾಲಯವೂ ಹೋಯಿತು. ಇವತ್ತು ಉಳಿದಿರುವುದು ಚಾವಣಿಯಿಲ್ಲದ ಚರ್ಚು. ಎತ್ತರದ ಗೋಥಿಕ್ ಕಿಟಕಿಗಳಲ್ಲಿ ಗಾಜಿಲ್ಲ, ಅದರ ಮೂಲಕ ಆಕಾಶ ಕಾಣುತ್ತದೆ. ಮುಂಭಾಗದಿಂದ ನೋಡಿದರೆ 18ನೇ ಶತಮಾನ, ಅದನ್ನು ದಾಟಿ ಒಳಗೆ ಕಾಲಿಟ್ಟರೆ ಮಧ್ಯಯುಗ. ಎರಡು ಕಾಲದ ಕೆಲಸವನ್ನು ಹೀಗೆ ಬಿಡಿಸಿ ತೋರಿಸುವುದು ಪಾಳು ಕಟ್ಟಡಕ್ಕೆ ಮಾತ್ರ ಸಾಧ್ಯ.

ಮತ್ತೆ ಯಾಕೆ ಪೂರ್ತಿ ಕಟ್ಟಬಾರದು?

ಕೊನೆಯ ಮಠಾಧೀಶ ನೋರ್ಬೆರ್ ಎರ್ಸೆಗೆ ಮಠವನ್ನು ಮತ್ತೆ ಎಬ್ಬಿಸಲು ಆಗಲಿಲ್ಲ. ಉಳಿದ ಆಸ್ತಿಯನ್ನು ವೃದ್ಧರ ಆಶ್ರಮಕ್ಕೆ ಬರೆದಿಟ್ಟ. ಕೆಲವು ಕಟ್ಟಡ ಉಳಿದದ್ದೇ ಅದರಿಂದ. ಇನ್ನು ಚರ್ಚಿನ ವಿಷಯ: ಈಗ ಚಾವಣಿ ಹಾಕಿದರೆ ಅದು 21ನೇ ಶತಮಾನದ ಚರ್ಚು ಆಗುತ್ತದೆ. ಪಾಳನ್ನು ಪಾಳಾಗಿಯೇ ನಿಲ್ಲಿಸುವುದು ಇಲ್ಲಿನ ನೀತಿ. ಅದು ಅಗ್ಗದ ಕೆಲಸ ಅಂದುಕೊಳ್ಳಬೇಡಿ. ಚಾವಣಿ ಇಲ್ಲದ ಗೋಡೆಯ ನೆತ್ತಿಗೆ ಮಳೆ ನೇರವಾಗಿ ಬೀಳುತ್ತದೆ, ಗಾರೆ ಕರಗುತ್ತದೆ, ಗಿಡ ಹುಟ್ಟುತ್ತದೆ. ಗಿಡ ಕೀಳುವುದು, ಗೋಡೆಯ ತಲೆ ಮುಚ್ಚುವುದು, ಸಂದಿಗೆ ಸುಣ್ಣದ ಗಾರೆ ತುಂಬುವುದು ಮುಗಿಯದ ಕೆಲಸ.

ಸಂತ ರಾಕ್ ಮೆರವಣಿಗೆಗೂ ಈ ಸ್ಮಾರಕಗಳಿಗೂ ಏನು ಸಂಬಂಧ?

1654ರಲ್ಲಿ, ಫ್ರಾನ್ಸ್ ಬಿಟ್ಟು ಸ್ಪೇನ್ ಪರ ಹೋಗಿದ್ದ ಕೊಂಡೆ ರಾಜಕುಮಾರನ ಪಡೆಗಳು ತ್ವೆಂಗೆ ಮುತ್ತಿಗೆ ಹಾಕಿದವು. ಊರು ಬಗ್ಗಲಿಲ್ಲ. ಶತ್ರುವಿನ ಒಂದು ಫಿರಂಗಿ ಊರವರ ಕೈಗೆ ಬಿತ್ತು. ಅದರ ಹೆಸರು ಸ್ಪಾಂಟೋಲ್. ಅದು ಈಗಲೂ ಊರಲ್ಲೇ ಇದೆ, ಅದರ ಹೆಸರಿನ ಬಿಸ್ಕತ್ತೂ ಸಿಗುತ್ತದೆ. ಊರು ಉಳಿದದ್ದಕ್ಕೆ ಹರಕೆಯಾಗಿ ಸಂತ ರಾಕ್ ಮೆರವಣಿಗೆ ಶುರುವಾಯಿತು ಅಂತ ಊರವರು ಹೇಳುತ್ತಾರೆ.

ಈಗ ಅದು ಮೇ ತಿಂಗಳ ಮೂರನೇ ಭಾನುವಾರದ ಆಸುಪಾಸಿನಲ್ಲಿ ನಡೆಯುತ್ತದೆ. ನೆಪೋಲಿಯನ್ ಕಾಲದ ಸೈನಿಕರ ವೇಷ, ತಮಟೆ, ಕೊಳಲು, ಗಾಳಿಯಲ್ಲಿ ಗುಂಡು ಹಾರಿಸುವುದು. ಸಾಂಬ್ರ್ ಮತ್ತು ಮ್ಯೂಸ್ ನದಿಗಳ ನಡುವಿನ ಸೀಮೆಯ ಇಂಥ ಮೆರವಣಿಗೆಗಳ ಸಂಪ್ರದಾಯವನ್ನು ಯುನೆಸ್ಕೋ 2012ರಲ್ಲಿ ಅಮೂರ್ತ ಪರಂಪರೆ ಅಂತ ಗುರುತಿಸಿದೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಕಿವಿಗೆ ಹತ್ತಿ ಇರಲಿ. ಗುಂಡಿನ ಸದ್ದು ನಿಜಕ್ಕೂ ಜೋರು.

ಕೆಳಯೂರಲ್ಲಿ ನೋಡಲು ಏನಿದೆ?

ದೋಣಿಯವರ ಬಡಾವಣೆ. ತ್ವೆಂ ಒಂದು ಕಾಲಕ್ಕೆ ನದಿ ಸಾಗಣೆಯ ದೋಣಿಯವರ ದೊಡ್ಡ ಊರು. ಕಲ್ಲಿದ್ದಲು ಹೊತ್ತ ಉದ್ದನೆಯ ಸರಕು ದೋಣಿಯಲ್ಲೇ ಸಂಸಾರ, ದಡದಲ್ಲಿ ಮುದುಕರ ಮನೆ. ಥುಡೋ ಅನ್ನುವ ಹಳೆಯ ಸರಕು ದೋಣಿಯನ್ನೇ ಮ್ಯೂಸಿಯಂ ಮಾಡಿದ್ದಾರೆ.

ಟ್ರಾಮ್ ಮ್ಯೂಸಿಯಂ ಕೂಡ ಇದೆ. ಬೆಲ್ಜಿಯಂನ ಹಳ್ಳಿ ಹಳ್ಳಿಗೂ ಹಿಂದೆ ‘ವಿಸಿನಾಲ್’ ಟ್ರಾಮ್ ಹೋಗುತ್ತಿತ್ತು. ಉಚ್ಛ್ರಾಯ ಕಾಲದಲ್ಲಿ ಅದರ ಹಳಿ ಸುಮಾರು 4,800 ಕಿ.ಮೀ. ಇತ್ತು. ಈಗ ಅದರಲ್ಲಿ ಉಳಿದಿರುವುದು ಎಲ್ಲೋ ಸ್ವಲ್ಪ. ಇಲ್ಲಿನ ಸ್ವಯಂಸೇವಕರು ಹಳೆಯ ಟ್ರಾಮುಗಳನ್ನು ಲೋಬ್ ಕಡೆಗೂ, ಬಿಯೆಮ್ ಕಡೆಗೂ ಇನ್ನೂ ಓಡಿಸುತ್ತಾರೆ. ದಿನವೂ ಇರುವುದಿಲ್ಲ, ಓಡುವ ದಿನ ನೋಡಿಕೊಂಡು ಹೋಗಿ.

ಗೋಜೆಯ ದೊಡ್ಡ ಕಲ್ಲು ಏನು?

ಪಿಯೆರ್ ದ ಝುಪಿರ್. ಹೊಸ ಶಿಲಾಯುಗದ ಜನ ನಿಲ್ಲಿಸಿದ ನಿಲುಗಲ್ಲು, ಇಪ್ಪತ್ತಕ್ಕೂ ಹೆಚ್ಚು ಟನ್ ತೂಕ. ರಸ್ತೆ ಬದಿಯಲ್ಲೇ ಇದೆ. ಐದು ನಿಮಿಷ ಸಾಕು.

ಸಂರಕ್ಷಿತ ಮನೆಯ ಮಾಲೀಕರು ಕಿಟಕಿ ಬದಲಿಸಬೇಕು ಅಂದರೆ?

ಪರಂಪರೆ ಏಜೆನ್ಸಿಯನ್ನು ಕೇಳದೆ ಮಾಡುವಂತಿಲ್ಲ. ಕೆಲಸ ಶುರು ಮಾಡುವ ಮುಂಚೆ ಏಜೆನ್ಸಿ, ಪುರಸಭೆ, ವಾಸ್ತುಶಿಲ್ಪಿ, ಮಾಲೀಕರು ಒಟ್ಟಿಗೆ ಕೂತು ಮಾತಾಡುವ ಪದ್ಧತಿ ಇದೆ. ಆಮೇಲೆ ಪರವಾನಗಿ. ತಿಂಗಳುಗಟ್ಟಲೆ ಆಗಬಹುದು, ಗೊಣಗುವವರು ಬೇಕಾದಷ್ಟು ಜನ. ಅದಕ್ಕೆ ಪ್ರತಿಯಾಗಿ ರಿಪೇರಿಗೆ ಸರ್ಕಾರದ ಸಹಾಯಧನ ಸಿಗುತ್ತದೆ.

ಪಕ್ಕದ ಮನೆಗೂ ಕೆಲವೊಮ್ಮೆ ಇದರ ಬಿಸಿ ತಟ್ಟುತ್ತದೆ. ಸ್ಮಾರಕದ ಸುತ್ತ ‘ರಕ್ಷಣಾ ವಲಯ’ ಗುರುತಿಸಿದ್ದರೆ ಅಲ್ಲಿಯೂ ಮನಸ್ಸಿಗೆ ಬಂದ ಹಾಗೆ ಕಟ್ಟುವಂತಿಲ್ಲ. ಆ ವಲಯಕ್ಕೆ ಎಲ್ಲ ಕಡೆಗೂ ಒಂದೇ ಅಳತೆ ಅಂತ ಇಲ್ಲ, ಜಾಗ ನೋಡಿ ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ. ಎಲ್ಲಕ್ಕೂ ಒಂದೇ ಅಳತೆ ಇಟ್ಟರೆ ಬಯಲಿನ ಕಲ್ಲಿಗೂ ಬಂಡೆ ಮೇಲಿನ ಗೋಪುರಕ್ಕೂ ವ್ಯತ್ಯಾಸವೇ ಇಲ್ಲದ ಹಾಗಾಗುತ್ತದೆ.

ಹೋಗುವುದು ಹೇಗೆ? ಯಾವಾಗ?

ಬ್ರಸೆಲ್ಸ್‌ನಿಂದ ಶಾರ್ಲೆರ್ವಾಗೆ ರೈಲು, ಅಲ್ಲಿಂದ ಎರ್ಕೆಲಿನ್ ಕಡೆ ಹೋಗುವ ಲೋಕಲ್ ರೈಲು. ನಿಲ್ದಾಣ ಕೆಳಯೂರಲ್ಲಿದೆ, ಮೇಲೂರಿಗೆ ಏರು ದಾರಿ. ಮಂಡಿ ನೋವು ಇರುವ ಅಪ್ಪ ಅಮ್ಮ ಜೊತೆಗಿದ್ದರೆ ಕಾರಲ್ಲಿ ಮೇಲೂರಿನ ಚೌಕದವರೆಗೆ ಹೋಗಿಬಿಡಿ. ಕೋಟೆಗೋಡೆ ಮೇಲಿನಿಂದ ತೋಟಗಳನ್ನು ನೋಡಬಹುದು, ಇಳಿಯಲೇಬೇಕು ಅಂತ ಏನಿಲ್ಲ. ಮಳೆ ಬಂದಿದ್ದರೆ ಪೋಸ್ತಿಗಳ ಕಲ್ಲು ಜಾರುತ್ತದೆ, ಒಳ್ಳೆಯ ಹಿಡಿತದ ಶೂ ಇರಲಿ.

ತೋಟಕ್ಕೆ ಮೇಯಿಂದ ಸೆಪ್ಟೆಂಬರ್ ಒಳ್ಳೆಯದು. ಸೆಪ್ಟೆಂಬರ್ ಎರಡನೇ ವಾರಾಂತ್ಯದಲ್ಲಿ ವಲೋನಿಯಾದಲ್ಲೆಲ್ಲ ‘ಪರಂಪರೆ ದಿನಗಳು’ ನಡೆಯುತ್ತವೆ. ಬೇರೆ ದಿನ ಬಾಗಿಲು ಹಾಕಿರುವ ಎಷ್ಟೋ ಕಡೆ ಆಗ ಒಳಗೆ ಬಿಡುತ್ತಾರೆ, ಅದೂ ಹಣವಿಲ್ಲದೆ.

ಡ್ರೋನ್ ಹಾರಿಸಬಹುದಾ?

ಕ್ಯಾಮೆರಾ ಇರುವ ಡ್ರೋನ್ ಆದರೆ ಹಾರಿಸುವವರ ನೋಂದಣಿ ಬೇಕು. ಎಲ್ಲಿ ಹಾರಿಸಬಹುದು ಅನ್ನುವ ಅಧಿಕೃತ ನಕ್ಷೆಯನ್ನೂ ನೋಡಬೇಕು. ಶಾರ್ಲೆರ್ವಾ ವಿಮಾನ ನಿಲ್ದಾಣ ದೂರ ಇಲ್ಲ ಅನ್ನುವುದು ನೆನಪಿರಲಿ. ಗೋಪುರದ ಮೇಲಿನಿಂದ ಫೋನಲ್ಲೇ ಒಳ್ಳೆಯ ಫೋಟೋ ಬರುತ್ತದೆ, ಸುಮ್ನೆ ಯಾಕೆ ರಗಳೆ.

ಅರ್ಧ ದಿನ ಉಳಿದರೆ ಎಲ್ಲಿಗೆ ಹೋಗಬಹುದು?

ಪಕ್ಕದ ಲೋಬ್‌ಗೆ. ಅದೇ ರೈಲು ದಾರಿಯಲ್ಲಿ ಮುಂದಿನ ಊರು. ಅಲ್ಲಿನ ದೊಡ್ಡ ಮಠ 1794ರಲ್ಲೇ ಸುಟ್ಟುಹೋಯಿತು, ಆದರೆ ಗುಡ್ಡದ ಮೇಲಿನ ಸಂತ ಉರ್ಸ್ಮೆರ್ ಚರ್ಚು ಉಳಿದಿದೆ. ಅದರ ಹಳೆಯ ಭಾಗ 9ನೇ ಶತಮಾನದ್ದು, ಬೆಲ್ಜಿಯಂನ ಅತಿ ಹಳೆಯ ಚರ್ಚುಗಳಲ್ಲಿ ಒಂದು. ಭಾನುವಾರ ಹೋಗುವುದಾದರೆ ಟ್ರಾಮ್ ಓಡುತ್ತದೆಯಾ ಅಂತ ಮೊದಲು ವಿಚಾರಿಸಿ. ಓಡುತ್ತಿದ್ದರೆ ರೈಲು ಬಿಟ್ಟು ಅದರಲ್ಲೇ ಹೋಗಿ.